ನಾಲ್ಕನೇ ಜ್ವರ

ಹುಳಕ್ಕೆ ಜ್ವರ ಬಂದಿತ್ತು.

ಇದು ಕಾಯಿಲೆಯಲ್ಲ. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಡುತ್ತದೆ. ತಲೆ ಎತ್ತಿಕೊಂಡು, ದೇವರ ಮುಂದೆ ನಿಂತವರ ಹಾಗೆ, ಒಂದು ಹಗಲು ಒಂದು ರಾತ್ರಿ ಅಲುಗದೆ ಕೂರುತ್ತದೆ. ಆಮೇಲೆ ಹಳೆಯ ಚರ್ಮ ಬಿಟ್ಟು ಏಳುತ್ತದೆ. ಪುಸ್ತಕದವರು ಇದಕ್ಕೆ ಪೊರೆ ಕಳಚುವುದು ಎನ್ನುತ್ತಾರೆ. ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬಿಡಿಸಿ ಬೆರಳು ಕಪ್ಪಾದವರು ಜ್ವರ ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಾಲ್ಕನೆಯದು ದಾಟಿದರೆ ಹುಳ ಗೆದ್ದಂತೆ.

ಮುಳಬಾಗಿಲಿನಿಂದ ತಾಯಲೂರಿಗೆ ಹೋಗುವ ದಾರಿಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಶ್ಯಾಮಲಮ್ಮ ಇಪ್ಪತ್ತೊಂದು ವರ್ಷದಿಂದ ಈ ಜ್ವರ ಕಾಯುತ್ತಿದ್ದಳು. ತಟ್ಟೆ ಇಳಿಸುವುದು, ಹಿಕ್ಕೆ ಬಳಿಯುವುದು, ಸುಣ್ಣ ಉದುರಿಸುವುದು, ತಟ್ಟೆ ಏರಿಸುವುದು. ಒಂದು ದಿನಕ್ಕೆ ಮುನ್ನೂರು ತಟ್ಟೆ. ಸುಣ್ಣ ಕಣ್ಣಿಗೆ ಹೋಗಿ ಹೋಗಿ ಎಡಗಣ್ಣಿನ ರೆಪ್ಪೆ ಕೂದಲು ಉದುರಿತ್ತು. ಬೆನ್ನು ತಟ್ಟೆಯ ಸ್ಟ್ಯಾಂಡಿನ ಕೆಳಗಿನ ಮೆಟ್ಟಿಲಿಗೆ ಸರಿಯಾಗಿ ಬಾಗಿತ್ತು.

ಅವಳ ಬಾಯಲ್ಲಿ ಹುಳ ಎಂದೂ ‘ಅದು’ ಆಗಿರಲಿಲ್ಲ. ‘ಎದ್ದರು’, ‘ಉಂಡರು’, ‘ಜ್ವರಕ್ಕೆ ಕೂತರು’. ಅವಳಪ್ಪ ದೊಡ್ಡಮುನಿಯಪ್ಪ ಕಲಿಸಿದ ಮಾತು ಅದು. “ಊರಿಗೆಲ್ಲ ಸೀರೆ ಉಡಿಸೋ ಜೀವ ಕಣಮ್ಮ. ಅದು ಇದು ಅನ್ನಬಾರ್ದು.” ಆತ ಊರ ಭಜನೆ ಮಂದಿರದ ಬಾಗಿಲಾಚೆ ಜಗಲಿಯ ಕೆಳಗೆ ಕೂತು ನಲವತ್ತು ವರ್ಷ ಪದ ಕೇಳಿದವನು. ಒಳಗಿನವರು ಮರೆತ ಚರಣ ಅವನಿಗೆ ನೆನಪಿರುತ್ತಿತ್ತು. ಒಳಗೆ ಬಂದು ಹಾಡು ಎಂದು ಒಬ್ಬರೂ ಕರೆಯಲಿಲ್ಲ. ಹಾಡುವವರಿಗೆ ಚಾಪೆ ಹಾಸಿಕೊಡುವ ಕೆಲಸ ಮಾತ್ರ ಅವನದು. ಅದೂ ಚಾಪೆಯನ್ನು ಬಾಗಿಲವರೆಗೆ ಉರುಳಿಸಿ ಬಿಡುವುದು. ತನಗೆ ತಾನೇ ಒಂದು ಪದ ಕಟ್ಟಿಕೊಂಡಿದ್ದ:

ಚಾಪೆ ತಂದೋರು ಯಾರೋ, ಕೂತು ಹಾಡಿದೋರು ಯಾರೋ
ಬಾಗಿಲಾಚೆ ಕೇಳಿದೋನ ಹೆಸರು ಗುರುವೆ ನೀನೆ ಬಲ್ಲೆ

ಶ್ಯಾಮಲಮ್ಮ ಸೊಪ್ಪು ಬಿಡಿಸುವಾಗ ಅದನ್ನೇ ಗುನುಗುತ್ತಿದ್ದಳು.

ಸಂಸ್ಥೆಯಲ್ಲಿ ಮಾತಿನ ಕ್ರಮ ಬೇರೆ ಇತ್ತು. ಬೆಳಿಗ್ಗೆ ಏಳಕ್ಕೆ ಆಡಳಿತಾಧಿಕಾರಿ ಅಮರನಾಥ್ ಹಾಜರಿ ಪುಸ್ತಕ ಹಿಡಿದು ಹುಳದ ಮನೆ ಬಾಗಿಲಿಗೆ ಬರುತ್ತಿದ್ದರು.

“ಲೇಬರ್ ಬಂತಾ?”

“ಬಂತು ಸಾರ್.”

‘ಲೇಬರ್: ಹದಿನಾಲ್ಕು’ ಎಂದು ಬರೆದುಕೊಂಡು ಹೋಗುತ್ತಿದ್ದರು. ಹೆಸರಿಲ್ಲ. ಸೊಪ್ಪು ಬಂತಾ, ಸುಣ್ಣ ಬಂತಾ, ಲೇಬರ್ ಬಂತಾ. ಹದಿನಾಲ್ಕು ಹೆಂಗಸರು ಇಪ್ಪತ್ತೊಂದು ವರ್ಷ ಹೀಗೆ ‘ಬಂತು’. ಹುಳ ಮಾತ್ರ ‘ಬಂದರು’.

ಈ ವರ್ಷ ಸಂಸ್ಥೆಗೆ ಹೊಸ ಗಾಳಿ ಬೀಸಿತು. ಹೊಸ ಡೈರೆಕ್ಟರು ಡಾಕ್ಟರ್ ಮುರಳಿಮೋಹನ್ ಬಂದರು. ಅವರದು ಹುಳದ ಓದಲ್ಲ, ಆಡಳಿತದ ಓದು. ಹುಳ ಮುಟ್ಟಿದರೆ ಕೈಗೆ ತುರಿಕೆ ಎನ್ನುತ್ತಿದ್ದರು. ಬಂದ ತಿಂಗಳಲ್ಲೇ ಕಂಡುಹಿಡಿದರು: ಸಂಸ್ಥೆಯಲ್ಲಿ ಸೃಜನಶೀಲತೆ ಸಾಲದು. ಸಿಬ್ಬಂದಿ ಅರಳುತ್ತಿಲ್ಲ. ಅರಳಲು ಜಾಗ ಬೇಕು.

ಜಾಗ ಇತ್ತು. ಸೊಪ್ಪಿನ ಕೋಣೆ. ಕಲ್ಲಿನ ದಪ್ಪ ಗೋಡೆ, ಕೆಂಪು ನೆಲ, ಬೇಸಿಗೆಯಲ್ಲೂ ಬಾವಿಯ ತಂಪು. ಬೆಳಿಗ್ಗೆ ಬಿಡಿಸಿದ ಸೊಪ್ಪು ಸಂಜೆಯವರೆಗೂ ಹಸಿಯಾಗಿರುತ್ತಿತ್ತು. ಹೆಂಗಸರು ಮಧ್ಯಾಹ್ನ ಮುದ್ದೆ ಬಿಚ್ಚುತ್ತಿದ್ದುದೂ ಅಲ್ಲೇ. ಒಂದು ಶನಿವಾರ ಸೊಪ್ಪನ್ನು ಹೊರಗಿನ ಪಡಸಾಲೆಗೆ ಹಾಕಿಸಿದರು, ಮೇಲೆ ಒದ್ದೆ ಗೋಣಿ ಹೊದಿಸಿದರು. ಕೋಣೆಗೆ ಹಳದಿ ಬಣ್ಣ ಬಳಿಸಿದರು. ಗೋಡೆಯ ತುಂಬ ಒಂದು ದೊಡ್ಡ ಕೆಂಪು ಬಲ್ಬಿನ ಚಿತ್ರ. ನೆಲದ ತುಂಬ ಕೂರುವ ಮೂಟೆಗಳು, ಒಳಗೆ ಏನೋ ಕಾಳು ತುಂಬಿದವು.

ಶ್ಯಾಮಲಮ್ಮನ ಜೊತೆ ಕೆಲಸ ಮಾಡುವ ಸುನಂದ ಕಿಟಕಿಯಿಂದ ಇಣುಕಿ ನೋಡಿದಳು. ಅವಳು ಗಡಿಯ ಕಡೆಯವಳು. ನಗು ಬಂದರೂ ಸಿಟ್ಟು ಬಂದರೂ ಬಾಯಿಗೆ ತೆಲುಗು ಬರುತ್ತಿತ್ತು. “ಓರಿ ದೇವುಡಾ! ಅಕ್ಕ, ನಮ್ಮ ಸೊಪ್ಪಿನ ಮೂಟೆ ತೆಗೆದು ಅವ್ರ ಮೂಟೆ ಇಟ್ಕೊಂಡವ್ರೆ, ಅಷ್ಟೇ ಕಣಕ್ಕ.”

ಬಾಗಿಲ ಮೇಲೆ ಬೋರ್ಡು ಬಂತು: ‘ಹೊಸ ಆಲೋಚನೆಗಳಿಗೆ ಸದಾ ತೆರೆದ ಬಾಗಿಲು.’ ಅದರ ಕೆಳಗೆ ಸಣ್ಣ ಅಕ್ಷರ: ‘ಸಿಬ್ಬಂದಿಗೆ ಮಾತ್ರ.’ ಅದರ ಕೆಳಗೆ ಬೀಗ.

ಪಕ್ಕದಲ್ಲಿ ಸಲಹೆಯ ಪೆಟ್ಟಿಗೆ. ಸುನಂದ ಮಗಳ ಕೈಲಿ ಬರೆಸಿ ಒಂದು ಚೀಟಿ ಹಾಕಿದಳು: ‘ಹೆಂಗಸರ ಕಕ್ಕಸಿಗೆ ಬಾಗಿಲು ಹಾಕಿಸಿ.’ ಚೀಟಿ ವಾಪಸು ಬಂತು. ಕೆಂಪು ಇಂಕಿನಲ್ಲಿ ಷರಾ ಇತ್ತು: ‘ಇದು ಬೇಡಿಕೆ. ಆಲೋಚನೆಯಲ್ಲ.’

ಹೆಂಗಸರು ಗೋಣಿಪಟ್ಟೆಯನ್ನೇ ಬಾಗಿಲು ಮಾಡಿಕೊಂಡು ಕಾಲ ಹಾಕಿದರು. ಅದನ್ನು ಸೃಜನಶೀಲತೆ ಎಂದು ಯಾರೂ ಬರೆದುಕೊಳ್ಳಲಿಲ್ಲ.

ಸಿಬ್ಬಂದಿಯನ್ನು ಅರಳಿಸಲು ಬೆಂಗಳೂರಿನಿಂದ ತರಬೇತುದಾರ ವಂಶಿಕೃಷ್ಣ ಬಂದರು. ಮೂವತ್ತು ಮೂವತ್ತೆರಡರ ವಯಸ್ಸು, ಬಿಳಿ ಬೂಟು, ಕೈಯಲ್ಲಿ ಚರ್ಮದ ಪುಸ್ತಕ. ಕಾರ್ಯಾಗಾರಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಸಂಸ್ಥೆಯ ನಾಡಿ ಹಿಡಿದು ನೋಡುತ್ತೇನೆಂದು ಸುತ್ತಾಡುತ್ತ ಹುಳದ ಮನೆಗೂ ಬಂದರು.

“ಬೂಟು ಬಿಡಿ ಸಾರ್,” ಎಂದಳು ಶ್ಯಾಮಲಮ್ಮ. “ಕಾಲು ಸುಣ್ಣದಲ್ಲಿ ಅದ್ದಿ ಬನ್ನಿ.”

ಅವರು ಬೂಟು ಬಿಡಲಿಲ್ಲ. ಹೊಸ್ತಿಲಾಚೆಯೇ ನಿಂತರು. “ಪರವಾಗಿಲ್ಲಮ್ಮ. ಇಲ್ಲಿಂದಲೇ ಮಾತಾಡೋಣ. ಹೇಗಿದೆ ಒಳಗಡೆ ವಾತಾವರಣ? ಎಲ್ಲರೂ ಹೇಗಿದ್ದಾರೆ?”

ಹುಳದ ಮನೆಗೆ ಬಂದವರು ಇನ್ನಾರನ್ನು ವಿಚಾರಿಸುತ್ತಾರೆ? “ಜ್ವರ ಸಾರ್,” ಎಂದಳು.

“ಜ್ವರಾನಾ? ಯಾರಿಗೆ?”

“ಎಲ್ರಿಗೂ. ನೆನ್ನೆ ಸಂಜೆಯಿಂದ ಕೂತವ್ರೆ. ಇದು ಎರಡನೇದು. ಇನ್ನೂ ಎರಡವೆ.”

ವಂಶಿಕೃಷ್ಣರ ಕಣ್ಣು ಅಗಲವಾದವು. ಪುಸ್ತಕ ತೆಗೆದರು. “ಅಂಥಾ ಹೊತ್ತಲ್ಲಿ ನೀವು ಏನು ಮಾಡ್ತೀರಾ?”

“ಏನೂ ಮಾಡಲ್ಲ. ಊಟ ಹಾಕಲ್ಲ, ಮುಟ್ಟಲ್ಲ, ಸದ್ದು ಮಾಡಲ್ಲ. ಒಸಿ ಸುಣ್ಣ ಉದುರ್ಸಿ ಗಾಳಿ ಬಿಟ್ಟು ಸುಮ್ನಿರ್ತೀವಿ. ಹಳೇ ಚರ್ಮ ಬಿಟ್ಟು ಅವ್ರೇ ಏಳ್ತಾರೆ.”

“ಅವರೇ ಏಳ್ತಾರೆ!” ಎಂದು ತಿರುಗಿ ಹೇಳಿ, ಆ ಮಾತನ್ನು ಎರಡು ಗೆರೆ ಎಳೆದು ಬರೆದುಕೊಂಡರು. “ಅಮ್ಮಾ, ನೀವು ಏನು ಹೇಳಿದಿರಿ ಅಂತ ನಿಮಗೇ ಗೊತ್ತಿಲ್ಲ.”

ಅದು ನಿಜವಾಗಿತ್ತು.

ಕಾರ್ಯಾಗಾರದ ಹಿಂದಿನ ದಿನ ಅಮರನಾಥ್ ಹದಿನಾಲ್ಕು ಹಳದಿ ಅಂಗಿ ತಂದು ಹುಳದ ಮನೆಯ ಮುಂದೆ ಇಳಿಸಿದರು. ಎದೆಯ ಮೇಲೆ ‘ಅರಳೋಣ ಬನ್ನಿ’ ಎಂದಿತ್ತು.

“ಹೊರಗಿಂದ ಇಬ್ರು ಅತಿಥಿಗಳು ಬರ್ತಾರೆ. ಕೆಳಹಂತದೋರೂ ಭಾಗವಹಿಸಿದ್ರು ಅಂತ ಫೋಟೋ ಬೇಕು. ಸೀರೆ ಮೇಲೇ ಹಾಕ್ಕೊಳ್ಳಿ. ಸಂಜೆ ಒಗೆದು ವಾಪಸ್ ಕೊಡ್ಬೇಕು.”

“ನಾಳೆ ಆಗಲ್ಲ ಸಾರ್,” ಎಂದಳು ಶ್ಯಾಮಲಮ್ಮ. “ನಾಲ್ಕನೇ ಜ್ವರಕ್ಕೆ ಕೂತವ್ರೆ. ನಾಳೆ ಮಧ್ಯಾಹ್ನಕ್ಕೆ ಏಳ್ತಾರೆ. ಎದ್ದ ಮೇಲೆ ತಡ ಮಾಡಂಗಿಲ್ಲ.”

ಅಮರನಾಥ್ ದನಿ ತಗ್ಗಿಸಿದರು. ಕೆಟ್ಟ ಮನುಷ್ಯನಲ್ಲ; ಪುಸ್ತಕದಲ್ಲಿ ಇದ್ದಷ್ಟೇ ಲೋಕ ಎಂದು ನಂಬಿದವರು. “ನೋಡಮ್ಮ. ಸಾಕಣೆ ಸಹಾಯಕಿ ಅಂತ ಒಂದು ಖಾಯಂ ಹುದ್ದೆ ಕರೀತಾವ್ರೆ. ಈ ತರಬೇತಿ ಸರ್ಟಿಫಿಕೇಟ್ ಇದ್ದೋರಿಗೆ ಮಾತ್ರ ಅರ್ಜಿ. ಬೆಳಿಗ್ಗೆಯಿಂದ ಸಂಜೆ ತನಕ ಕೂತೋರಿಗೆ ಸರ್ಟಿಫಿಕೇಟ್. ಮಧ್ಯೆ ಎದ್ರೆ ಇಲ್ಲ. ನಿನಗೆ ವಯಸ್ಸು ಎಷ್ಟು?”

“ಕಾರ್ತಿಕಕ್ಕೆ ನಲವತ್ತೈದು ತುಂಬ್ತದೆ.”

“ನಲವತ್ತೈದು ತುಂಬಿದ್ರೆ ಅರ್ಜಿನೇ ಇಲ್ಲ. ಇದೇ ಕಡೇದು. ತಿಳ್ಕೊ.”

ಖಾಯಂ ಎಂದರೆ ಪುಸ್ತಕದಲ್ಲಿ ಹೆಸರು. ಇಪ್ಪತ್ತೊಂದು ವರ್ಷ ಕಾದದ್ದು ಅದಕ್ಕೇ. ಶ್ಯಾಮಲಮ್ಮ ಅಂಗಿ ತೆಗೆದುಕೊಂಡಳು. ಸುನಂದಳಿಗೆ ಹೇಳಿದಳು: “ನೀನು ಒಳಗೆ ಬರಬೇಡ. ಹುಳದ ಮನೇಲಿರು. ನೂರಕ್ಕೆ ತೊಂಬತ್ತೈದು ಎದ್ದ ತಕ್ಷಣ ಬಂದು ಹೇಳು.”

ಮರುದಿನ ಸೊಪ್ಪಿನ ಕೋಣೆಯ ಬೀಗ ತೆರೆಯಿತು. ಬಾಗಿಲಲ್ಲಿ ಡೈರೆಕ್ಟರು ಅತಿಥಿಗಳ ಜೊತೆ ನಿಂತಿದ್ದರು. “ಲೇಬರ್ ಬಂತಾ?” ಎಂದರು. “ಬಂತು ಸಾರ್, ಹದಿಮೂರು,” ಎಂದರು ಅಮರನಾಥ್. ಕುರ್ಚಿಗಳು ಸಾಲದೆ ಬಂದವು. ಹದಿಮೂರೂ ಹಿಂದಿನ ಗೋಡೆಗೆ ಒರಗಿ ನಿಂತವು. ಫೋಟೋದವನು ಬಂದಾಗ ಮಾತ್ರ ಅವನ್ನು ಮುಂದೆ ಕರೆದು ಮೂಟೆಗಳ ಮೇಲೆ ಕೂರಿಸಿದರು. ಶ್ಯಾಮಲಮ್ಮ ಕೂತಳು. ಮೂಟೆ ಅವಳನ್ನು ನುಂಗಿತು. ಬಾಗಿದ ಬೆನ್ನು ಹಿಂದಕ್ಕೆ ಬಿದ್ದು ಚುಳುಕ್ಕೆಂದಿತು, ಕಾಲು ಮೇಲೆದ್ದಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಫೋಟೋದವನು ಅದನ್ನೇ ತೆಗೆದುಕೊಂಡ. ‘ಸಂತೋಷದ ಕೆಲಸದ ವಾತಾವರಣ’ ಎಂದು ಆ ಚಿತ್ರ ಆಮೇಲೆ ಸಂಸ್ಥೆಯ ಪತ್ರಿಕೆಯಲ್ಲಿ ಬಂತು.

ಮೊದಲು ಆಟ. ದೊಡ್ಡ ದೊಡ್ಡ ವಿಜ್ಞಾನಿಗಳು ಉಲ್ಲನ್ ಉಂಡೆಯನ್ನು ಒಬ್ಬರ ಮೇಲೊಬ್ಬರು ಎಸೆದರು. ನಂಬಿಕೆ ಬೆಳೆಯಲೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದರು. ‘ನೀವು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ?’ ಎಂದು ತರಬೇತುದಾರರು ಕೇಳಿದರು. ಆರು ಜನ ಹುಲಿಯಾದರು. ಮೂವರು ಹದ್ದಾದರು. ಹುಳದ ಅನ್ನ ತಿನ್ನುವ ಸಂಸ್ಥೆಯಲ್ಲಿ ಒಬ್ಬರೂ ಹುಳವಾಗಲಿಲ್ಲ.

ಹನ್ನೆರಡಕ್ಕೆ ವಂಶಿಕೃಷ್ಣ ಗೋಡೆಯ ಮೇಲೆ ಬೆಳಕು ಬಿಟ್ಟರು. ‘ನಾಲ್ಕು ಜ್ವರಗಳ ಮಾದರಿ’ ಎಂದು ಅಕ್ಷರ ಮೂಡಿತು.

“ಈ ಸಂಸ್ಥೆಯ ಒಂದು ಹಿರಿಯ ದನಿ ನನಗೆ ಕೊಟ್ಟ ಬೆಳಕು ಇದು,” ಎಂದರು. “ನೌಕರ ಬೆಳೆಯುವಾಗ ಅವನಿಗೆ ನಾಲ್ಕು ಸಲ ಜ್ವರ ಬರುತ್ತದೆ. ಆಗ ಅವನು ಕೇಳುತ್ತಾನೆ: ಬಡ್ತಿ ಕೊಡಿ, ಕುರ್ಚಿ ಕೊಡಿ, ರಜೆ ಕೊಡಿ. ಅದು ಅವನ ಮಾತಲ್ಲ, ಜ್ವರದ ಮಾತು. ನಾವು ಏನು ಮಾಡಬೇಕು? ಊಟ ಹಾಕಬಾರದು. ಮುಟ್ಟಬಾರದು. ಸುಮ್ಮನಿರಬೇಕು. ಹಳೆಯ ಚರ್ಮ ಬಿಟ್ಟು ಅವನೇ ಏಳುತ್ತಾನೆ!”

ಡೈರೆಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಸ್ಥೆ ಹತ್ತು ವರ್ಷದಿಂದ ಯಾರಿಗೂ ಏನೂ ಕೊಡದೆ ಸುಮ್ಮನಿದ್ದದ್ದಕ್ಕೆ ಕೊನೆಗೂ ಒಂದು ಶಾಸ್ತ್ರ ಸಿಕ್ಕಿತ್ತು.

ಆ ಕೋಣೆಯಲ್ಲಿ ರೇಷ್ಮೆ ಹುಳದ ಮೇಲೆ ಡಾಕ್ಟರೇಟು ಪಡೆದವರು ಏಳು ಜನ ಇದ್ದರು. ಜ್ವರ ಎಂದರೇನೆಂದು ಏಳೂ ಜನಕ್ಕೆ ಗೊತ್ತಿತ್ತು. ಏಳೂ ಜನ ತಲೆ ಎತ್ತಿಕೊಂಡು ಅಲುಗದೆ ಕೂತಿದ್ದರು. ಡೈರೆಕ್ಟರು ತಟ್ಟಿದ್ದನ್ನು ನೋಡಿ ಅವರೂ ತಟ್ಟಿದರು.

ಶ್ಯಾಮಲಮ್ಮ ಗೋಡೆ ನೋಡಿದಳು. ಅವಳ ಮಾತೇ. ಅವಳ ಸೀರೆಯನ್ನು ಬೇರೆ ಯಾರೋ ಉಟ್ಟುಕೊಂಡು ಬಂದು ಅವಳ ಮುಂದೆಯೇ ಕುಣಿದ ಹಾಗಾಯಿತು. ನಗು ಬಂತು. ಆಮೇಲೆ ಅರ್ಥವಾಯಿತು. ಊಟ ಹಾಕಬಾರದು, ಸುಮ್ಮನಿರಬೇಕು: ಇದು ತನ್ನ ಬಾಯಿಂದ ಹೋಗಿ ತನ್ನ ಹೊಟ್ಟೆಗೇ ಬಂತಲ್ಲ.

ಆಗ ಬಾಗಿಲಲ್ಲಿ ಸುನಂದ ಕಂಡಳು. ಓಡಿ ಬಂದಿದ್ದಳು. ಉಸಿರು ನಿಲ್ಲುತ್ತಿರಲಿಲ್ಲ.

“ಅಕ್ಕಾ, ಲೇಚಿನಾರು! ಎಲ್ರೂ ಎದ್ರು!”

ಶ್ಯಾಮಲಮ್ಮ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಅಮರನಾಥ್ ಅಡ್ಡ ಬಂದು ಪಿಸುಗುಟ್ಟಿದರು. “ಇನ್ನು ನಾಲ್ಕು ಗಂಟೆ ಕಣಮ್ಮ. ನಿಂತ್ಕೊ. ಹೋದ್ರೆ ಕಾಗದ ಹೋಯ್ತು.”

“ಯಾರಮ್ಮ ಎದ್ದಿದ್ದು?” ಎಂದರು ವಂಶಿಕೃಷ್ಣ, ಬೆಳಕಿನ ಮುಂದೆ ನಿಂತು.

“ಹುಳ ಸಾರ್.”

“ಹುಳಾನಾ?”

“ನಾನು ಅವತ್ತು ಹೇಳಿದ್ದು ಹುಳದ ಮಾತು. ಹುಳಕ್ಕೆ ಬರೋ ಜ್ವರ. ನಿಮ್ಮ ಹಿಂದೆ ಕೂತಿರೋ ಸಾಹೇಬ್ರಿಗೆಲ್ಲ ಗೊತ್ತು, ಕೇಳಿ.”

ಏಳು ಜನ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ಅತಿಥಿಗಳಲ್ಲೊಬ್ಬರು ಕೆಮ್ಮಿದರು. ಡೈರೆಕ್ಟರ ಮುಖ ಗೋಡೆಯ ಬಲ್ಬಿನ ಬಣ್ಣಕ್ಕೆ ಬಂತು.

“ಹುಳ ಸಂಜೆ ನೋಡ್ಕೊಳ್ಳಬಹುದು. ಅಮರನಾಥ್, ಕಾರ್ಯಕ್ರಮ ಮುಗಿಯೋವರೆಗೂ ಲೇಬರ್ ಎಲ್ಲಿಗೂ ಹೋಗೋ ಹಾಗಿಲ್ಲ.”

ಶ್ಯಾಮಲಮ್ಮ ಅಂಗಿಯನ್ನು ತಲೆಯ ಮೇಲಿಂದ ತೆಗೆದಳು. ಸೀರೆ ಸರಿಮಾಡಿಕೊಂಡಳು. ಅಂಗಿ ಮಡಿಚಿದಳು, ‘ಅರಳೋಣ ಬನ್ನಿ’ ಒಳಗೆ ಹೋಗುವ ಹಾಗೆ. ಮೂಟೆಯ ಮೇಲೆ ಇಟ್ಟಳು.

“ಅರ್ಧ ಬರ್ಕೊಂಡು ಹೋದ್ರಿ ಸಾರ್ ನೀವು,” ಎಂದಳು ವಂಶಿಕೃಷ್ಣರಿಗೆ. ದನಿ ಎತ್ತರಿಸಲಿಲ್ಲ. “ಜ್ವರದಲ್ಲಿ ಹಾಕ್ಬಾರ್ದು, ನಿಜ. ಎದ್ದ ಮೇಲೆ ಹಾಕ್ಲೇಬೇಕು. ಎದ್ದೋರಿಗೆ ಮೇವಿಲ್ಲ ಅಂದ್ರೆ ತಟ್ಟೆ ಬಿಟ್ಟು ಹೊರಗೆ ಬರ್ತಾರೆ. ಅದನ್ನೂ ಗೋಡೆ ಮೇಲೆ ಬರೀರಿ.”

ಹೊರಗೆ ಹೋದಳು. ಹಿಂದೆ ಹನ್ನೆರಡು ಅಂಗಿ ಮೂಟೆಗಳ ಮೇಲೆ ಬಿದ್ದವು.

ಪಡಸಾಲೆಗೆ ಬಂದರೆ ಸೊಪ್ಪು ಬಾಡಿತ್ತು. ಒದ್ದೆ ಗೋಣಿ ಇರಲಿಲ್ಲ. ಅತಿಥಿಗಳ ಕಣ್ಣಿಗೆ ಅಸಹ್ಯವೆಂದು ಬೆಳಿಗ್ಗೆ ಅದನ್ನು ತೆಗೆಸಿ, ಆ ಜಾಗದಲ್ಲಿ ಕ್ರೋಟನ್ ಕುಂಡಗಳನ್ನು ಇಡಿಸಿದ್ದರು. ಸೊಪ್ಪು ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯಿತು. ಸುನಂದ ತೆಲುಗಿನಲ್ಲಿ ಒಂದು ಮಾತು ಅಂದಳು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹದಿನಾಲ್ಕೂ ಜನ ತೋಟಕ್ಕೆ ಬಿದ್ದರು. ನೆತ್ತಿಯ ಬಿಸಿಲು. ಎರಡೂ ಕೈಲಿ ಬಿಡಿಸಿದರು. ಬೆರಳ ಬಿರುಕಿಗೆ ಸೊಪ್ಪಿನ ಹಾಲು ಇಳಿದು ಉರಿಯಿತು. ಹೊರೆ ಕಟ್ಟಿದರು, ಹೊತ್ತರು, ಓಡಿದರು. ಮುನ್ನೂರು ತಟ್ಟೆಗೆ ಹಸಿ ಎಲೆ ಹರಡಿದರು. ಹುಳ ಎಲೆಯಡಿಯಿಂದ ಮೇಲಕ್ಕೆ ಹತ್ತಿ ಬಂದವು. ಕಿವಿಗೊಟ್ಟು ಕೇಳಿದರೆ ಮೇಯುವ ಸದ್ದು ಸಣ್ಣಗೆ ಶುರುವಾಗಿತ್ತು.

“ಉಂಡ್ರು,” ಎಂದಳು ಶ್ಯಾಮಲಮ್ಮ. ಆಮೇಲೆ ಹೇಳಿದಳು: “ಇನ್ನು ಸಂಜೆ ಮೇವಿನ ಸೊಪ್ಪು ಎಲ್ಲಿ ಇಡೋಣ?”

ಎಲ್ಲರಿಗೂ ಗೊತ್ತಿತ್ತು.

ಎರಡನೇ ಸಲ ಹೊರೆ ಹೊತ್ತು ಬಂದಾಗ ಸೃಜನಶೀಲ ಕೋಣೆಯಲ್ಲಿ ಊಟ ಮುಗಿದು ಧ್ಯಾನ ನಡೆಯುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದರು. ಕೆಲವರು ಗೊರಕೆ ಹೊಡೆಯುತ್ತಿದ್ದರು. ಹೆಂಗಸರು ಮೂಟೆಗಳನ್ನು ಕಾಲಿನಿಂದ ಗೋಡೆಗೆ ಸರಿಸಿದರು. ಕೆಂಪು ನೆಲಕ್ಕೆ ನೀರು ಚಿಮುಕಿಸಿದರು. ಹದಿನಾಲ್ಕು ಹೊರೆ ಒಟ್ಟಿಗೆ ಇಳಿಯಿತು.

ಡೈರೆಕ್ಟರು ಕಣ್ಣು ಬಿಟ್ಟರು. “ಏಯ್! ಏನಿದು? ಇದು ಯಾವ ರೂಮು ಅಂತ ಗೊತ್ತಾ?”

“ಗೊತ್ತು ಸಾರ್. ಸೊಪ್ಪಿನ ಕೋಣೆ.”

“ಇದೂ ಕಾರ್ಯಕ್ರಮದಲ್ಲಿ ಇದೆಯಾ?” ಎಂದು ಅತಿಥಿಯೊಬ್ಬರು ಸಂತೋಷದಿಂದ ಕೇಳಿದರು. ವಂಶಿಕೃಷ್ಣ ಡೈರೆಕ್ಟರ ಮುಖ ನೋಡಿದರು, ಸೊಪ್ಪು ನೋಡಿದರು. “ಹೌದು ಸರ್,” ಎಂದರು. “ಅನುಭವ ಕಲಿಕೆ.” ಅತಿಥಿಗಳು ಎದ್ದು ಫೋಟೋ ತೆಗೆದುಕೊಂಡರು. ಅತಿಥಿಗಳು ಮೆಚ್ಚಿದ್ದನ್ನು ಡೈರೆಕ್ಟರು ಹೊರಗೆ ಹಾಕಿಸುವ ಹಾಗಿರಲಿಲ್ಲ. ಬಾಗಿಲ ಬೀಗ ಆ ಗಡಿಬಿಡಿಯಲ್ಲಿ ಸೊಪ್ಪಿನ ಅಡಿ ಎಲ್ಲೋ ಸೇರಿತು. ಹೆಂಗಸರು ಅದರ ಮೇಲೆ ಇನ್ನೊಂದು ಹೊರೆ ಹಾಕಿದರು.

ಬೆಳಗಾಗುವಷ್ಟರಲ್ಲಿ ನೋಟೀಸು ಅಂಟಿತ್ತು. ಸರ್ಟಿಫಿಕೇಟು ಪಡೆದವರು ಇಪ್ಪತ್ತಮೂರು ಜನ. ಧ್ಯಾನದಲ್ಲಿ ಗೊರಕೆ ಹೊಡೆದವರೆಲ್ಲ ಇದ್ದರು. ಹುಳದ ಮನೆಯಿಂದ ಯಾರೂ ಇಲ್ಲ. ಶ್ಯಾಮಲಮ್ಮ ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದಿದಳು. ಕಾರ್ತಿಕಕ್ಕೆ ಇನ್ನು ಮೂರು ತಿಂಗಳಿತ್ತು. ಕೈ ತೊಳೆದು ಒಳಗೆ ಹೋಗಿ ತಟ್ಟೆ ಇಳಿಸತೊಡಗಿದಳು. ಸುನಂದ ಅಳುತ್ತಿದ್ದಳು. “ಸುಮ್ನಿರೇ,” ಎಂದಳು. “ಉಣ್ಣೋರ ಮುಂದೆ ಅಳಬಾರ್ದು.”

ತಟ್ಟೆ ಇಳಿಸುತ್ತ ಅಪ್ಪನ ಪದ ಬಾಯಿಗೆ ಬಂತು. ‘ಹೆಸರು ಗುರುವೆ ನೀನೆ ಬಲ್ಲೆ’ ಎನ್ನುವಲ್ಲಿ ನಿಂತಿತು. ಗುರು ಬಲ್ಲ, ಸರಿ. ಗುರು ಒಬ್ಬನೇ ಬಲ್ಲನಾದರೆ ಸಾಕೇ? ಉಳಿದ ಹದಿಮೂರು ಜನರ ಹತ್ತಿರ ಹೋಗಿ ಒಂದೊಂದು ಮಾತು ಹೇಳಿ ಬಂದಳು.

ಏಳು ಗಂಟೆಗೆ ಅಮರನಾಥ್ ಬಂದರು. ಪುಸ್ತಕ ಬಿಚ್ಚಿದರು. ತಲೆ ಎತ್ತಲಿಲ್ಲ.

“ಲೇಬರ್ ಬಂತಾ?”

ಶ್ಯಾಮಲಮ್ಮ ಇನ್ನೊಂದು ತಟ್ಟೆ ಇಳಿಸಿದಳು. ಹುಳ ಮೇಯುವ ಸದ್ದು ಮಾತ್ರ.

“ಲೇಬರ್ ಬಂತಾ?”

“ಇಲ್ಲ ಸಾರ್,” ಎಂದಳು ಶ್ಯಾಮಲಮ್ಮ, ತಟ್ಟೆಗೆ ಎಲೆ ಹರಡುತ್ತ. “ಲೇಬರ್ ಬಂದಿಲ್ಲ.”

ಅಮರನಾಥ್ ತಲೆ ಎತ್ತಿದರು. ಹದಿನಾಲ್ಕು ಜನ ಎದುರಿಗೇ ಇದ್ದರು. ಒಬ್ಬಳು ಸುಣ್ಣ ಜರಡಿ ಹಿಡಿಯುತ್ತಿದ್ದಳು. ಒಬ್ಬಳು ಹಿಕ್ಕೆ ಬಳಿಯುತ್ತಿದ್ದಳು.

“ಏನಮ್ಮಾ ಆಟ ಆಡ್ತಾ ಇದೀಯಾ? ಮತ್ತೆ ನೀವೆಲ್ಲ ಯಾರು?”

“ನಾವು ಬಂದಿದೀವಿ. ಲೇಬರ್ ಬಂದಿಲ್ಲ. ನಾಳೇನೂ ಬರಲ್ಲ. ಸೊನ್ನೆ ಹಾಕ್ಕೊಳ್ಳಿ.”

“ಸೊನ್ನೆ ಹಾಕಿದ್ರೆ ಹುಳಕ್ಕೆ ಮೇವು ಹಾಕ್ದೋರು ಯಾರು ಅಂತ ಮೇಲಿನೋರು ಕೇಳಲ್ವಾ?”

“ಕೇಳ್ಲಿ.”

ಅಮರನಾಥ್ ಪೆನ್ನು ಹಿಡಿದುಕೊಂಡೇ ನಿಂತರು. ಹದಿನಾಲ್ಕು ಎಂದು ಬರೆಯಲು ಯಾರೂ ‘ಬಂತು’ ಎನ್ನಲಿಲ್ಲ. ಸೊನ್ನೆ ಬರೆಯಲು ಕಣ್ಣು ಒಪ್ಪಲಿಲ್ಲ. ಬೆವರು ಒರೆಸಿಕೊಂಡರು. ಫೋನು ತೆಗೆದು ಡೈರೆಕ್ಟರಿಗೆ ಹಚ್ಚಿದರು. ಆಚೆಯ ದನಿ ಹುಳದ ಮನೆಗೆಲ್ಲ ಕೇಳುವಷ್ಟು ಜೋರಾಗಿತ್ತು.

“ಏನ್ರೀ ಬೆಳಿಗ್ಗೆ ಬೆಳಿಗ್ಗೆ? ಲೇಬರ್ ಬಂತಾ ಇಲ್ವಾ?”

“ಲೇಬರ್ ಬಂದಿಲ್ಲ ಸಾರ್,” ಎಂದರು ಅಮರನಾಥ್. ಎದುರಿಗೆ ನೋಡಿದರು. ಬಾಯಿ ತಡವರಿಸಿತು. “ಆದ್ರೆ... ಇವರೆಲ್ಲ ಬಂದಿದಾರೆ.”

“ಬಂದಿದಾರಾ? ಯಾರು?”

ಅಮರನಾಥ್‌ಗೆ ಗೊತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಒಬ್ಬರ ಹೆಸರೂ ಕೇಳಿರಲಿಲ್ಲ.

ಶ್ಯಾಮಲಮ್ಮ ತಟ್ಟೆ ಏರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು.

“ಬೂಟು ಬಿಟ್ಟು ಒಳಗೆ ಬನ್ನಿ ಸಾರ್,” ಎಂದಳು. “ಒಬ್ಬೊಬ್ರಾಗಿ ಹೇಳ್ತೀವಿ. ಬರ್ಕೊಳ್ಳಿ.”